ಪೆಡಲ್ ಕಯಾಕಿಗೆ ಹಾಯಿ, ಮೋಟಾರು ಮತ್ತು ಸುರಕ್ಷತಾ ಪರಿಕರಗಳು: ಸಣ್ಣ ತಯಾರಕರು ಗಮನಿಸಬೇಕಾದ ಅಂಶಗಳು

ನೆಲಮಂಗಲಕ್ಕೆ ಹೊಂದಿಕೊಂಡಿರುವ ಅರಿಶಿನಕುಂಟೆಯ ಹೆಸರಿನಲ್ಲಿ ಕುಂಟೆಯಿದೆಯೇ ಹೊರತು ಕಡಲಿಲ್ಲ. ಮಂಗಳೂರಿನ ದಕ್ಕೆ ಅಲ್ಲಿಂದ ಮುನ್ನೂರು ಕಿ.ಮೀ.ಗೂ ದೂರ. ಆದರೂ ದೋಣಿಯ ವ್ಯವಹಾರ ಈ ಭಾಗದ ಉದ್ದಿಮೆಗಳಿಗೆ ಪರಕೀಯವೆಂದು ಭಾವಿಸಬೇಕಾಗಿಲ್ಲ. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಕಯಾಕುಗಳು ಪಾಲಿಎಥಿಲೀನ್ ಪುಡಿಯಿಂದ ರೋಟೋ ಮೌಲ್ಡಿಂಗ್ ವಿಧಾನದಲ್ಲಿ ತಯಾರಾಗುತ್ತವೆ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ಎರಕಹೊಯ್ಯುವುದೂ ಇದೇ ವಿಧಾನದಿಂದ. ಪೀಣ್ಯದಿಂದ ಸೋಂಪುರದವರೆಗೆ ತುಮಕೂರು ರಸ್ತೆಯ ಉದ್ದಕ್ಕೂ ಪ್ಲಾಸ್ಟಿಕ್, ಅಲ್ಯೂಮಿನಿಯಂ ಕೊಳವೆ, ಲೇತ್ ಕೆಲಸ ಬಲ್ಲವರಿದ್ದಾರೆ. ಅಲ್ಲಿಂದ ಸರಕನ್ನು ಕರಾವಳಿಗೆ ಕಳುಹಿಸಲು ಹಾಸನ ಮಾರ್ಗದ ಹೆದ್ದಾರಿ ನೆಲಮಂಗಲದಲ್ಲೇ ಕವಲೊಡೆಯುತ್ತದೆ.

ಹೊನ್ನಾವರದ ಶರಾವತಿ ಹಿನ್ನೀರು, ಮೂಲ್ಕಿಯ ಶಾಂಭವಿ ನದಿ ಮುಂತಾದೆಡೆ ಕಯಾಕ್ ವಿಹಾರ ಬೇರೂರಿದೆ. ರೆಸಾರ್ಟುಗಳೂ ಗಾಳ ಹಾಕುವ ಹವ್ಯಾಸಿಗಳೂ ಬರಿಯ ದೋಣಿಯಿಂದ ತೃಪ್ತರಾಗುವುದಿಲ್ಲ. ಹಾಯಿ ಬೇಕು, ಮೋಟಾರು ಬೇಕು ಎಂಬ ಬೇಡಿಕೆ ಬರುತ್ತದೆ. ತಯಾರಕನ ಲಾಭವೂ ಅಪಾಯವೂ ಅಲ್ಲಿಂದಲೇ ಆರಂಭ.

ಕಾಲಿನ ಶಕ್ತಿ

ಅಮೆರಿಕದ ಹೋಬಿ ಸಂಸ್ಥೆ 1997ರಲ್ಲಿ ಮಿರಾಜ್ ಡ್ರೈವ್ ಎಂಬ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಪೆಡಲನ್ನು ಹಿಂದೆ ಮುಂದೆ ತುಳಿದಾಗ ದೋಣಿಯ ಅಡಿಯಲ್ಲಿ ಎರಡು ರೆಕ್ಕೆಗಳು ಮೀನಿನ ಈಜುರೆಕ್ಕೆಯಂತೆ ಬೀಸುತ್ತವೆ. ಇನ್ನೊಂದು ಬಗೆಯಲ್ಲಿ ಸೈಕಲ್ಲಿನಂತೆ ತುಳಿದು ಬೆವೆಲ್ ಗೇರಿನ ಮೂಲಕ ಪ್ರೊಪೆಲ್ಲರ್ ತಿರುಗಿಸಲಾಗುತ್ತದೆ. ಎರಡನೆಯದು ನಮ್ಮ ಲೇತ್ ಕಾರ್ಯಾಗಾರಗಳಿಗೆ ಸುಲಭಸಾಧ್ಯ. ಪೇಟೆಂಟಿನ ಅವಧಿ 20 ವರ್ಷವಾದ್ದರಿಂದ ಮೂಲ ವಿನ್ಯಾಸ ಹಳೆಯದಾಗಿರಬಹುದು. ಆದರೆ ನಂತರದ ಸುಧಾರಣೆಗಳಿಗೆ ಪ್ರತ್ಯೇಕ ಹಕ್ಕು ಇರುವ ಸಾಧ್ಯತೆಯಿದೆ. ನಕಲು ಮಾಡುವ ಮುನ್ನ ಇದನ್ನು ಪರಿಶೀಲಿಸುವುದು ಕ್ಷೇಮ.

ಸಾಮಾನ್ಯ ಆರೋಗ್ಯವಂತನೊಬ್ಬ ದಣಿಯದೆ ಸುಮಾರು 100 ವ್ಯಾಟ್ ಶಕ್ತಿಯನ್ನು ನೀಡಬಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ ಅವನ ಎರಡೂ ಕೈಗಳು ಬಿಡುವಾಗಿರುತ್ತವೆ: ಒಂದು ಚುಕ್ಕಾಣಿಗೆ, ಇನ್ನೊಂದು ಹಾಯಿಯ ಹಗ್ಗಕ್ಕೆ. ಹುಟ್ಟು ಹಾಕುವ ಕಯಾಕಿಗಿಂತ ಪೆಡಲ್ ಕಯಾಕಿಗೆ ಹಾಯಿ ಹೆಚ್ಚು ಒಪ್ಪುವುದು ಈ ಕಾರಣಕ್ಕೆ.

ಹಾಯಿ ಕಟ್ಟುವ ಮುನ್ನ

ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 2 ಚದರ ಮೀಟರ್ ಹಾಯಿಯ ಮೇಲೆ ಗಂಟೆಗೆ 18 ಕಿ.ಮೀ. ಗಾಳಿ ಸುಮಾರು ಮೂರೂವರೆಯಿಂದ ನಾಲ್ಕು ಕೆ.ಜಿ. ಭಾರದಷ್ಟು ಒತ್ತಿದರೆ, 36 ಕಿ.ಮೀ. ಗಾಳಿ ಸುಮಾರು 15 ಕೆ.ಜಿ. ಒತ್ತುತ್ತದೆ. ಈ ಒತ್ತಡ ನೀರಿನ ಮಟ್ಟದಿಂದ 1.2 ಮೀಟರ್ ಎತ್ತರದಲ್ಲಿ ಬೀಳುತ್ತದೆಂದು ಇಟ್ಟುಕೊಂಡರೆ ದೋಣಿಯನ್ನು ಮಗುಚುವ ಬಲ 18 ಕೆ.ಜಿ.-ಮೀಟರ್. ದೋಣಿಯ ಮಧ್ಯದಿಂದ 1 ಮೀಟರ್ ದೂರದಲ್ಲಿ 20 ಲೀಟರ್ ಗಾತ್ರದ ಪಕ್ಕದ ತೇಲುದಿಮ್ಮಿಯನ್ನು, ಅಂದರೆ ಔಟ್‌ರಿಗರನ್ನು ಕಟ್ಟಿದರೆ ಅದು ಪೂರ್ಣ ಮುಳುಗುವ ಹೊತ್ತಿಗೆ ಸುಮಾರು 20 ಕೆ.ಜಿ.-ಮೀಟರ್ ಪ್ರತಿಬಲ ಕೊಡುತ್ತದೆ. ದೋಣಿಯ ಅಗಲ ಮತ್ತು ಕುಳಿತವನ ಭಾರ ಇದಕ್ಕೆ ಸ್ವಲ್ಪ ನೆರವಾಗುತ್ತವೆ ನಿಜ, ಆದರೆ ಉಳಿಯುವ ಅಂತರ ಕಿರಿದು. ಆದ್ದರಿಂದ ಕುಳಿತ ಜಾಗದಿಂದ ಏಳದೆಯೇ ಒಂದೇ ಹಗ್ಗ ಎಳೆದು ಹಾಯಿಯನ್ನು ಸುತ್ತಿಕೊಳ್ಳುವಂತಿರಬೇಕು. ಹಾಯಿ ಕಟ್ಟಿದ ಮೇಲೆ ದೊಡ್ಡ ಚುಕ್ಕಾಣಿಯೂ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವ ಹಲಗೆಯೂ ಅನಿವಾರ್ಯ.

ಹಾಯಿಕಂಬವನ್ನು ನಿಲ್ಲಿಸುವ ಸ್ಥಳದಲ್ಲಿಯೇ ಹೆಚ್ಚಿನ ದೋಣಿಗಳು ಕೆಡುತ್ತವೆ. ಪಾಲಿಎಥಿಲೀನ್‌ಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಸ್ಕ್ರೂ ತಿರುಗಿಸಿದರೆ ಕಾಲಕ್ರಮೇಣ ಪ್ಲಾಸ್ಟಿಕ್ ಸಡಿಲಗೊಂಡು ನೀರು ಒಳಸೇರುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಮರೆಗಳನ್ನು ಎರಕದ ಸಮಯದಲ್ಲೇ ಅಚ್ಚಿನೊಳಗೆ ಇರಿಸುವುದು ಸರಿಯಾದ ಕ್ರಮ. ಹೊರದೇಶದಿಂದ ತರಿಸಿದ ದೋಣಿಗೆ ಇಲ್ಲಿ ತೂತು ಕೊರೆಯುವ ವರ್ತಕನಿಗಿಂತ ಅಚ್ಚು ಕೈಯಲ್ಲಿರುವ ಸ್ಥಳೀಯ ತಯಾರಕನಿಗೆ ಇರುವ ನಿಜವಾದ ಅನುಕೂಲ ಇದೊಂದೇ.

ಮೋಟಾರು ಎಷ್ಟು ಸಾಕು?

ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. 12 ಅಡಿಯ ಕಯಾಕ್ ಗಂಟೆಗೆ ಸುಮಾರು 8.5 ಕಿ.ಮೀ. ದಾಟಿದ ಬಳಿಕ ಮೋಟಾರಿನ ಶಕ್ತಿಯೆಲ್ಲ ಅಲೆ ಎಬ್ಬಿಸುವುದರಲ್ಲಿಯೇ ವ್ಯಯವಾಗುತ್ತದೆ. ಗ್ರಾಹಕ ಎಷ್ಟೇ ಒತ್ತಾಯಿಸಿದರೂ ದೊಡ್ಡ ಮೋಟಾರು ಮಾರುವುದು ಅವನಿಗೆ ಹೊರೆಯನ್ನೇ ಮಾರಿದಂತೆ. 12 ವೋಲ್ಟ್ ಮೇಲೆ ಸುಮಾರು 30 ಆಂಪಿಯರ್ ಎಳೆಯುವ, ಅಂದರೆ 360 ವ್ಯಾಟಿನ ವಿದ್ಯುತ್ ಮೋಟಾರು ಸಾಕು. 100 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವುದು ವಾಡಿಕೆಯಾದ್ದರಿಂದ ಪೂರ್ಣ ವೇಗದಲ್ಲಿ ಒಂದೂವರೆ ಗಂಟೆ ಓಡೀತು. ವೇಗ ತಗ್ಗಿಸಿದರೆ ಅವಧಿ ಬಹಳ ಹೆಚ್ಚುತ್ತದೆ.

ಭಾರದ ಲೆಕ್ಕವನ್ನು ಕಾಗದದ ಮೇಲೆ ಬರೆದೇ ನೋಡಬೇಕು. 180 ಕೆ.ಜಿ. ಸಾಮರ್ಥ್ಯವೆಂದು ನಮೂದಿಸಿದ ಕಯಾಕಿನಲ್ಲಿ ಶೇ. 70ರಷ್ಟು, ಎಂದರೆ 126 ಕೆ.ಜಿ. ಮೀರದಿರುವುದು ಒಳ್ಳೆಯದು. ಉದಾಹರಣೆಗೆ ಸವಾರ 75, ಪೆಡಲ್ ಘಟಕ 7, ಮೋಟಾರು 10, ಸೀಸದ ಬ್ಯಾಟರಿ 28, ಹಾಯಿ ಮತ್ತು ಕಂಬ 6, ತೇಲುದಿಮ್ಮಿಗಳು 9, ಇತರ ಸಾಮಾನು 8 ಕೆ.ಜಿ. ಎಂದು ಹಿಡಿದರೆ ಒಟ್ಟು 143 ಕೆ.ಜಿ. ಆಗುತ್ತದೆ. ಬ್ಯಾಟರಿಯನ್ನು ಸುಮಾರು 12 ಕೆ.ಜಿ.ಯ ಲಿಥಿಯಂ ಐರನ್ ಫಾಸ್ಫೇಟ್‌ಗೆ ಬದಲಿಸಿದರೆ 127ಕ್ಕೆ ಇಳಿದು ಮಿತಿಯ ಅಂಚಿಗೆ ಬರುತ್ತದೆ. ಲಿಥಿಯಂ ದುಬಾರಿಯೆಂದು ಗೊಣಗುವ ಖರೀದಿದಾರನ ಮುಂದೆ ಈ ಕೂಡುಲೆಕ್ಕವನ್ನು ಇಡಬಹುದು.

ಮೋಟಾರು ಹಿಂಭಾಗದಲ್ಲಿದ್ದರೆ ಬ್ಯಾಟರಿಯನ್ನು ಮುಂಭಾಗದಲ್ಲಿ, ಕೆಳಮಟ್ಟದಲ್ಲಿ ಅಲುಗದಂತೆ ಕಟ್ಟಬೇಕು. ಫ್ಯೂಸ್ ಬ್ಯಾಟರಿಯ ಸಮೀಪದಲ್ಲೇ ಇರಬೇಕು. ಉಪ್ಪುನೀರಿಗೆ ತವರ ಲೇಪಿತ ತಾಮ್ರದ ತಂತಿ ಬೇಕು. ಅಲ್ಯೂಮಿನಿಯಂ ಕೊಳವೆಗೆ ಸ್ಟೇನ್‌ಲೆಸ್ ಬೋಲ್ಟ್ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ನಡುವೆ ನೈಲಾನ್ ವಾಷರ್ ಹಾಕಬೇಕು. ಸವಾರ ನೀರಿಗೆ ಬಿದ್ದೊಡನೆ ಮೋಟಾರು ನಿಲ್ಲುವಂತೆ ಅವನ ಮೈಗೆ ದಾರದಿಂದ ಜೋಡಿಸಿದ ಸ್ವಿಚ್ ಇರತಕ್ಕದ್ದು. ಇಲ್ಲವಾದರೆ ದೋಣಿ ಅವನನ್ನು ಬಿಟ್ಟು ಮುಂದೆ ಹೋಗುತ್ತದೆ.

ಉಳಿತಾಯ ಮಾಡಬಾರದ ಬಾಬು

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಗೆ ಸಂಬಂಧಿಸಿದ ದೋಣಿ ಮಗುಚಿ 16 ಜನರು ಮೃತಪಟ್ಟರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನರನ್ನು ಬಲಿ ಪಡೆದ ದೋಣಿಯು ಮೀನುಗಾರಿಕೆಗೆಂದು ಕಟ್ಟಿ, ಬಳಿಕ ವಿಹಾರಕ್ಕೆ ಮಾರ್ಪಡಿಸಿದ್ದಾಗಿತ್ತು. ಅವು ದೊಡ್ಡ ದೋಣಿಗಳು, ಆದರೆ ಒಂದು ಉದ್ದೇಶಕ್ಕೆ ಕಟ್ಟಿದ ಒಡಲಿನ ಮೇಲೆ ಇನ್ನೊಂದನ್ನು ಹೇರಿದಾಗ ಸಮತೋಲ ಬದಲಾಗುವ ನಿಯಮ ಕಯಾಕಿಗೂ ಅನ್ವಯಿಸುತ್ತದೆ.

ಜೀವರಕ್ಷಕ ಜಾಕೆಟ್‌ಗಳಿಗೆ ಐ.ಎಸ್.ಒ. 12402 ಮಾನದಂಡವಿದೆ. 50 ನ್ಯೂಟನ್ ದರ್ಜೆಯದು ದಡದ ಸಮೀಪ ಈಜು ಬಲ್ಲವರಿಗೆ, 100 ದರ್ಜೆಯದು ಶಾಂತ ನೀರಿಗೆ, 150 ದರ್ಜೆಯದು ತೆರೆದ ಸಮುದ್ರಕ್ಕೆ. ಈಜು ಬಾರದ ಪ್ರವಾಸಿಗರೇ ಹೆಚ್ಚಿರುವ ರೆಸಾರ್ಟಿಗೆ 50ರ ಜಾಕೆಟ್ ಸರಬರಾಜು ಮಾಡುವುದು ತಪ್ಪು. ಒಡಲಿನೊಳಗೆ ಫೋಮ್ ದಿಮ್ಮಿ, ಶಿಳ್ಳೆ, ದೀಪ, ಅಲೆಗಳ ನಡುವೆ ಕಾಣುವ ಎತ್ತರದ ಧ್ವಜ, ನೀರಿನಿಂದ ಮರಳಿ ಹತ್ತಲು ಪಟ್ಟಿಯ ಏಣಿ ಮತ್ತು ಒಂದು ಹುಟ್ಟು ಜೊತೆಗಿರಬೇಕು. ಪೆಡಲೂ ಮೋಟಾರೂ ಕೆಟ್ಟ ದಿನ ದಡ ಸೇರಿಸುವುದು ಆ ಹುಟ್ಟೇ. ಸಮುದ್ರಕ್ಕಿಳಿಯುವ ದೋಣಿಯ ಮೇಲೆ ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554 ಅನ್ನು ಕೆತ್ತುವುದಕ್ಕೆ ಖರ್ಚೇನೂ ಇಲ್ಲ.

ಕಾನೂನು ಮತ್ತು ತೆರಿಗೆ

2021ರ ಒಳನಾಡು ಹಡಗುಗಳ ಅಧಿನಿಯಮವು ಯಂತ್ರಚಾಲಿತ ನೌಕೆಗಳಿಗೆ ತಪಾಸಣೆ ಮತ್ತು ನೋಂದಣಿಯನ್ನು ವಿಧಿಸುತ್ತದೆ. ಮೋಟಾರು ಜೋಡಿಸಿದ ಕಯಾಕಿನ ಬಗ್ಗೆ ರಾಜ್ಯದ ಸಂಬಂಧಿತ ಪ್ರಾಧಿಕಾರದಿಂದ ಲಿಖಿತ ಅಭಿಪ್ರಾಯ ಪಡೆದೇ ವ್ಯವಹಾರಕ್ಕಿಳಿಯುವುದು ವಿವೇಕ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 86ನೇ ಪ್ರಕರಣವನ್ನು ವರ್ತಕರು ವಿಶೇಷವಾಗಿ ಓದಬೇಕು. ಮಾರಾಟಗಾರನು ಉತ್ಪನ್ನವನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾಗಿದ್ದರೆ ಹೊಣೆ ಅವನದಾಗುತ್ತದೆ. ಹೊರದೇಶದ ಕಂಪನಿಯ ದೋಣಿಗೆ ಹಾಯಿಕಂಬ ನಿಲ್ಲಿಸಿ ಮಾರುವವನು ತಾನು ಬರಿಯ ಮಧ್ಯವರ್ತಿ ಎಂದು ನುಣುಚಿಕೊಳ್ಳಲಾಗದು.

ವಿಹಾರ ಹಾಗೂ ಕ್ರೀಡಾ ನೌಕೆಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರ ಶೇ. 40 ಆಗಿದೆ. ಹುಟ್ಟು ಹಾಕುವ ದೋಣಿಗಳೂ ಇದೇ 8903ರ ಶೀರ್ಷಿಕೆಯಡಿ ಬರುತ್ತವೆ. ಪರಿಕರ ಜೋಡಿಸಿದ ಕಯಾಕ್ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ದರಪಟ್ಟಿ ನೀಡುವ ಮೊದಲೇ ತೆರಿಗೆ ಸಲಹೆಗಾರರಿಂದ ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಲಾಭಾಂಶವೆಲ್ಲ ವ್ಯತ್ಯಾಸದ ತೆರಿಗೆಗೇ ಸಂದೀತು.

ರವಾನೆಗೆ ಮುನ್ನ ಪ್ರತಿ ಮಾದರಿಯನ್ನೂ ಅನುಮತಿ ಪಡೆದ ಕೆರೆ ಅಥವಾ ಕೊಳದಲ್ಲಿ ಎಲ್ಲ ಪರಿಕರಗಳ ಸಮೇತ ಇಳಿಸಬೇಕು. ಮೊದಲು ದೋಣಿಗೆ ನೀರು ತುಂಬಿಸಿ ತೇಲುವುದೇ ಎಂದು ನೋಡಬೇಕು. ಆಮೇಲೆ ಬೇಕೆಂದೇ ಮಗುಚಿ, ಜಾಕೆಟ್ ತೊಟ್ಟ ಒಬ್ಬನೇ ವ್ಯಕ್ತಿ ಅದನ್ನು ನೆಟ್ಟಗೆ ಮಾಡಿ ಮೇಲೇರಬಲ್ಲನೇ ಎಂದು ಪರೀಕ್ಷಿಸಬೇಕು. ಫಲಿತಾಂಶವನ್ನು ದಿನಾಂಕ ಸಹಿತ ಬರೆದಿಟ್ಟು, ಪರಿಕರಗಳ ಭಾರ ಕಳೆದು ಉಳಿದ ಸಾಮರ್ಥ್ಯವನ್ನು ಕನ್ನಡದಲ್ಲಿ ಮುದ್ರಿಸಿದ ಫಲಕವಾಗಿ ಸವಾರನ ಕಣ್ಣೆದುರು ಅಂಟಿಸಬೇಕು.