ಕಾರ್ನೊನ ಉಪಮೆ ಮತ್ತು ಕೃಷ್ಣೆಯ ನೀರು

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಕನ್ನಡ ಮಕ್ಕಳು ಇಂಜಿನಿಯರಿಂಗ್ ಸೇರಿದರೆ ಉಷ್ಣಗತಿವಿಜ್ಞಾನವನ್ನೂ ದ್ರವಗಳ ಚಲನೆಯನ್ನೂ ಓದಬೇಕಾಗುತ್ತದೆ. ಈ ಎರಡನ್ನೂ ಬೆಸೆದುದು ಒಂದು ಉಪಮೆ ಎಂಬುದು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೊ ಉಷ್ಣದ ಶಕ್ತಿಯನ್ನು ಜಲಪಾತದ ಶಕ್ತಿಗೆ ಹೋಲಿಸಿದನು. ಉಷ್ಣ ಉಪಮೇಯ, ನೀರು ಉಪಮಾನ, ಮೇಲಿನಿಂದ ಕೆಳಕ್ಕಿಳಿಯುತ್ತ ಕೆಲಸ ಮಾಡುವುದು ಸಮಾನಧರ್ಮ. ನೀರಿಗೆ ಎತ್ತರದ ಅಂತರ ಬೇಕು, ಉಷ್ಣಕ್ಕೆ ತಾಪದ ಅಂತರ ಬೇಕು.

ಈ ಎರಡೂ ಕೃಷ್ಣೆಯ ದಂಡೆಯಲ್ಲಿ ಕಾಣಸಿಗುತ್ತವೆ. ಗದ್ವಾಲದ ಬಳಿಯ ಜೂರಾಲದಲ್ಲಿ ನೀರು ಇಳಿದು ತಲಾ 39 ಮೆಗಾವಾಟಿನ 6 ಘಟಕಗಳನ್ನು ನಡೆಸುತ್ತದೆ. ಮಕ್ತಲ್‌ನಿಂದ ರಾಯಚೂರಿನ ದಾರಿಯಲ್ಲಿ ಹೊಳೆ ದಾಟಿದರೆ ಸಿಗುವ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಉಷ್ಣವು ಉಗಿಯ ಮೂಲಕ ತಣ್ಣೀರಿನತ್ತ ಇಳಿಯುತ್ತದೆ.

ಆದರೆ ಹೋಲಿಕೆ ಪೂರ್ತಿ ಹೊಂದದು. ಯಂತ್ರ ತಿರುಗಿಸಿದ ಮಾತ್ರಕ್ಕೆ ನೀರು ಕಡಿಮೆಯಾಗದು. ಉಷ್ಣವೂ ಹಾಗೆಯೇ ಎಂದು ಕಾರ್ನೊ ತಿಳಿದಿದ್ದನು. 1850ರಲ್ಲಿ ಜರ್ಮನಿಯ ಕ್ಲಾಸಿಯಸ್ ಇದನ್ನು ತಿದ್ದಿದನು: ಉಷ್ಣದ ಒಂದು ಪಾಲು ಕೆಲಸವಾಗಿ ಮಾರ್ಪಡುತ್ತದೆ, ಉಳಿದುದು ಮಾತ್ರ ಕೆಳಗೆ ಸೇರುತ್ತದೆ. ಕಲ್ಲಿದ್ದಲಿನ ಸ್ಥಾವರಗಳಲ್ಲಿ ಆ ಉಳಿದ ಪಾಲೇ ಅರ್ಧಕ್ಕಿಂತ ಹೆಚ್ಚು. ಅದನ್ನು ಹೊರಹಾಕಲು ಅಪಾರ ನೀರು ಬೇಕು. ಅವು ಹೊಳೆಯ ದಂಡೆ ಹುಡುಕುವುದು ಇದಕ್ಕಾಗಿಯೇ.

ತಾಪದ ಅಂತರವಿಲ್ಲದೆ ಉಷ್ಣದಿಂದ ಕೆಲಸವಿಲ್ಲ ಎಂಬ ಕಾರ್ನೊನ ತೀರ್ಮಾನ ಮಾತ್ರ ಇಂದಿಗೂ ನಿಂತಿದೆ. ಭೇದವಿರುವಲ್ಲಿ ಕಾಣುವ ಸಾಧರ್ಮ್ಯವೇ ಉಪಮೆ ಎನ್ನುತ್ತಾರೆ ಲಾಕ್ಷಣಿಕರು. ಸಾಮ್ಯದೊಡನೆ ಭೇದವನ್ನೂ ಕಾಣಬಲ್ಲ ಐಚ್ಛಿಕ ಕನ್ನಡದ ವಿದ್ಯಾರ್ಥಿ, ಗಡಿಯೂರಿನ ಇಂಜಿನಿಯರಿಂಗ್ ಗೆಳೆಯನಿಗೆ ಈ ಪಾಠವನ್ನು ತಾಯ್ನುಡಿಯಲ್ಲಿ ಬಿಡಿಸಿ ಹೇಳಬಲ್ಲನು.