ಬುಡ ನೋಡದೆ ಅಣಬೆ ಕೀಳಬೇಡಿ

ರಾತ್ರಿ ಗುಡುಗಿ ಮಳೆ ಹುಯ್ದು ಬೆಳಗಿನ ಹೊತ್ತಿಗೆ ಬಿಟ್ಟಿತೆಂದರೆ, ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹೊಲದ ಕಡೆ ಹೊರಟವರ ಕಣ್ಣು ನೆಲದ ಮೇಲೆಯೇ ಇರುತ್ತದೆ. ಬದುವಿನ ಮಗ್ಗುಲಲ್ಲಿ, ಬೇಲಿಯ ಸಂದಿಯಲ್ಲಿ, ಹಳೆಯ ಹುತ್ತದ ಸುತ್ತ ಬೆಳ್ಳಗೆ ಏನಾದರೂ ತಲೆಯೆತ್ತಿದೆಯೇ ಎಂಬ ಹುಡುಕಾಟ ಅದು. ಸಿಕ್ಕಿದರೆ ಟವಲಿನಲ್ಲೋ ಸೆರಗಿನಲ್ಲೋ ಕಟ್ಟಿಕೊಂಡು ಮನೆಗೆ ತರುತ್ತಾರೆ. ಮಧ್ಯಾಹ್ನ ಮುದ್ದೆಗೆ ಅಣಬೆ ಸಾರು.

ಬಾಬುರಾಯನಕೊಪ್ಪಲಿನಂಥ, ಬೆಂಗಳೂರು–ಮೈಸೂರು ರಸ್ತೆಯ ಬದಿಯ ಊರಿನಲ್ಲಿ ಈ ಹುಡುಕಾಟದ ಕಲಿಕೆ ತಲೆಮಾರಿನಿಂದ ತಲೆಮಾರಿಗೆ ಬರುವುದು ಕಡಿಮೆಯಾಗುತ್ತಿದೆ. ಮಕ್ಕಳು ಬೆಳಗ್ಗೆ ಬಸ್ಸು ಹತ್ತಿ ಶಾಲೆ, ಕಾಲೇಜು, ಕಾರ್ಖಾನೆಗೆ ಹೋಗುತ್ತಾರೆ. ಅಜ್ಜಿಯ ಹಿಂದೆ ಹೊಲಕ್ಕೆ ನಡೆದು ಕಲಿಯುವ ಹೊತ್ತು ಯಾರಿಗೂ ಇಲ್ಲ. ಆದರೆ ಕಾಡಣಬೆಯ ಆಸೆ ಮಾತ್ರ ಹೋಗಿಲ್ಲ. ಭಾನುವಾರ ಊರಿಗೆ ಬಂದವರು ಮೊಬೈಲಿನಲ್ಲಿ ಚಿತ್ರ ಹೋಲಿಸಿಕೊಂಡು ಕಿತ್ತು ತರುತ್ತಾರೆ. ಅಪಾಯ ಇರುವುದು ಇಲ್ಲಿಯೇ. ಹೊಸಬರಿಗೆ ನನ್ನದು ಒಂದೇ ಮಾತು: ನೂರು ಅಣಬೆ ಗುರುತಿಸಲು ಹೋಗಬೇಡಿ. ಒಂದನ್ನು, ಹುತ್ತದ ಅಣಬೆಯೊಂದನ್ನು, ಬುಡದ ತನಕ ಕಲಿಯಿರಿ. ಮಿಕ್ಕದ್ದನ್ನೆಲ್ಲ ನೋಡಿ ಬಿಟ್ಟುಬಿಡಿ.

ಹುತ್ತದ ಅಣಬೆಯೇ ಏಕೆ? ನಮ್ಮ ನೆಲಕ್ಕೆ ಒಗ್ಗಿದ್ದು ಅದು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಅದಕ್ಕಿಂತ ಎಷ್ಟೋ ಹಳೆಯದಾದ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳ ಕೆಳಗಿನ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಹುತ್ತಕ್ಕೆ ಜಾಗವಿಲ್ಲ. ನಾಲೆಯ ಏರಿ, ಎತ್ತರದ ಬದು, ತೆಂಗಿನ ತೋಟದ ಅಂಚು, ಊರಾಚೆಯ ಗೋಮಾಳ, ಇಂಥ ಕಡೆ ಉಂಟು. ಪಾಂಡವಪುರ ದಾಟಿ ಮೇಲುಕೋಟೆಯತ್ತ, ಕೆ.ಆರ್. ಪೇಟೆಯ ಮೇಲುನೆಲಕ್ಕೆ, ನಾಗಮಂಗಲದ ರಾಗಿ–ಹುರುಳಿಯ ಕೆಮ್ಮಣ್ಣಿಗೆ ಹೋದರೆ ಹುತ್ತಗಳು ಇನ್ನೂ ಹೆಚ್ಚು. ಹುತ್ತಕ್ಕೆ ಅರಿಸಿನ ಕುಂಕುಮ ಇಟ್ಟು ಹಾಲೆರೆಯುವ ನಾಡಿದು. ಅಣಬೆಯೂ ಉಳಿದಿರುವುದಕ್ಕೆ ಆ ಭಕ್ತಿಯೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಪೂಜೆಯ ಹುತ್ತವನ್ನು ಯಾರೂ ಟ್ರ್ಯಾಕ್ಟರಿನಿಂದ ಸಮ ಮಾಡುವುದಿಲ್ಲ.

ಹುತ್ತದೊಳಗಿನ ಕಥೆ ಬಹಳ ಸೊಗಸಾದದ್ದು. ಗೆದ್ದಲಿಗೆ ಒಣಕಡ್ಡಿ, ಒಣಹುಲ್ಲನ್ನು ತಾನಾಗಿ ಪೂರ್ತಿ ಅರಗಿಸಿಕೊಳ್ಳಲು ಆಗುವುದಿಲ್ಲ. ಅದನ್ನು ಅಗಿದು, ನುಂಗಿ, ಹಿಕ್ಕೆಯಾಗಿ ಹೊರಹಾಕಿ, ಆ ಹಿಕ್ಕೆಯಿಂದಲೇ ನೆಲದೊಳಗೆ ಜೇನುಹಟ್ಟಿಯಂಥ ತೋಟ ಕಟ್ಟುತ್ತದೆ. ಅದರ ಮೇಲೆ ಒಂದು ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರವು ಕಟ್ಟಿಗೆಯ ಗಡಸನ್ನು ಕರಗಿಸಿ ಮೆದು ಮಾಡಿಕೊಡುತ್ತದೆ. ಗೆದ್ದಲು ಅದನ್ನೂ, ತೋಟದ ಮೇಲೆ ಮೂಡುವ ಬಿಳಿ ಗುಂಡುಗಳನ್ನೂ ತಿಂದು ಬದುಕುತ್ತದೆ. ಈ ಬೇಸಾಯ ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾಯಿತೆಂದು ವಿಜ್ಞಾನಿಗಳ ಲೆಕ್ಕ. ಮನುಷ್ಯ ಬೇಸಾಯ ಶುರುಮಾಡಿ ಹತ್ತು–ಹನ್ನೆರಡು ಸಾವಿರ ವರ್ಷವಾಯಿತಷ್ಟೆ. ಮಳೆ ಬಿದ್ದು ನೆಲ ನೆನೆದಾಗ ಆ ಶಿಲೀಂಧ್ರ ಮಣ್ಣನ್ನು ತೂರಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಅದೇ ಹುತ್ತದ ಅಣಬೆ.

ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟವನು ಫ್ರಾನ್ಸಿನ ರೋಜೆ ಎಯ್ಮ್, 1942ರಲ್ಲಿ. ದಕ್ಷಿಣ ಭಾರತದ ಅಣಬೆಗಳನ್ನು ಅಧ್ಯಯನ ಮಾಡಿದ ಕೆ. ನಟರಾಜನ್ 1979ರಲ್ಲಿ ನಮ್ಮ ಕಡೆಯ ಒಂದು ಜಾತಿಯನ್ನು ಆತನ ಹೆಸರಿನಲ್ಲೇ ದಾಖಲಿಸಿದರು. ಜಾಂಬಿಯಾದಲ್ಲಿ ಇದೇ ಕುಲದ ಒಂದು ಅಣಬೆಯ ಕೊಡೆ ಹೆಚ್ಚುಕಡಿಮೆ ಒಂದು ಮೀಟರ್ ಅಗಲಕ್ಕೆ ಬೆಳೆಯುತ್ತದೆ. ಚೀನಾದ ಯುನ್ನಾನಿನವರಿಗೂ ಇದು ಹಬ್ಬದ ಅಡುಗೆ. ಕೊಡಗಿನವರು ಅಣಬೆಗೆ ಕುಮ್ಮು ಎನ್ನುತ್ತಾರೆ, ತುಳುವರು ಲಾಂಬು ಎನ್ನುತ್ತಾರೆ. ಮಳೆಗಾಲದ ಆಸೆ ಎಲ್ಲರದೂ ಒಂದೇ. ಗೆದ್ದಲಿನ ಆರೈಕೆ ಇಲ್ಲದೆ ಈ ಅಣಬೆ ಬೆಳೆಯಲು ಒಲ್ಲೆ ಎನ್ನುತ್ತದೆ. ಬಟನ್ ಅಣಬೆಯಂತೆ ಶೆಡ್ಡಿನಲ್ಲಿ ಬೆಳೆದು ಮಾರುವ ದಾರಿ ಇನ್ನೂ ಕೈಗೂಡಿಲ್ಲ. ತಿನ್ನಬೇಕೆಂದರೆ ಮಳೆ ಬರಬೇಕು, ಹುತ್ತ ಇರಬೇಕು, ಗುರುತು ತಿಳಿದಿರಬೇಕು.

ಗುರುತು ಎಂದರೆ ಮೊದಲು ಬುಡ. ಕಿತ್ತು ತಂದದ್ದನ್ನು ತಿಳಿದವರ ಮುಂದಿಟ್ಟರೆ ಅವರು ಕೊಡೆ ನೋಡುವುದಕ್ಕೂ ಮುಂಚೆ ಕೇಳುತ್ತಾರೆ: ‘ಬುಡ ಎಲ್ಲೈತೆ?’ ಬುಡ ಮಣ್ಣಿನಲ್ಲೇ ಉಳಿದಿದ್ದರೆ ಆ ಅಣಬೆಯ ಸಾಕ್ಷಿ ಮಣ್ಣಿನಲ್ಲೇ ಉಳಿದ ಹಾಗೆ. ಆದ್ದರಿಂದ ಹೊಸ ಜಾಗದಲ್ಲಿ ಮೊದಲ ಅಣಬೆಯನ್ನು ಚಾಕುವಿನಿಂದ ಕೊಯ್ಯಬೇಡಿ, ಎಳೆಯಲೂಬೇಡಿ. ಕುಡುಗೋಲಿನ ತುದಿಯಿಂದಲೋ ಸಣ್ಣ ಕಡ್ಡಿಯಿಂದಲೋ ಸುತ್ತಲಿನ ಮಣ್ಣು ಬಿಡಿಸಿ. ಹುತ್ತದ ಅಣಬೆಯಾದರೆ ಕಾಂಡ ನೆಲಮಟ್ಟದಲ್ಲೇ ಮುಗಿಯುವುದಿಲ್ಲ; ತೆಳ್ಳಗಾಗುತ್ತ ಬೇರಿನಂತೆ ಗೆದ್ದಲಿನ ತೋಟದವರೆಗೂ ಇಳಿದಿರುತ್ತದೆ. ಗೇಣುದ್ದವೂ ಇರಬಹುದು, ಮೊಳದುದ್ದವೂ ಇರಬಹುದು. ಮಣ್ಣನ್ನು ಭೇದಿಸಿ ಬಂದದ್ದರಿಂದ ಕೊಡೆಯ ನಡುನೆತ್ತಿ ಮೊಳೆಯ ಹಾಗೆ ಚೂಪಾಗಿ ಗಟ್ಟಿಯಾಗಿರುತ್ತದೆ. ಕೊಡೆಯಡಿಯ ಪದರಗಳು ಬಿಳುಪು, ಬಲಿತಂತೆ ನಸುಗೆಂಪು. ಅವು ಕಾಂಡಕ್ಕೆ ಅಂಟಿಕೊಂಡಿರುವುದಿಲ್ಲ. ಬುಡದಲ್ಲಿ ಚೀಲವಿಲ್ಲ, ಬಟ್ಟಲಿನಂಥ ಒರೆಯಿಲ್ಲ. ಇಷ್ಟೂ ಒಟ್ಟಿಗೆ ಕೂಡಿದರೆ ಮಾತ್ರ ಅದು ಹುತ್ತದ ಅಣಬೆ. ಒಂದು ಕಡಿಮೆಯಾದರೂ ಬೇಡ.

ಹುತ್ತದ ಬಳಿ ಅಕ್ಕಿ ಚೆಲ್ಲಿದಂತೆ ನೂರಾರು ಪುಟಾಣಿ ಅಣಬೆಗಳು ಒಮ್ಮೆಲೇ ಏಳುವುದುಂಟು. ಇವೂ ಇದೇ ಕುಲದವು, ತಿನ್ನುವಂಥವೇ. ಗೆದ್ದಲು ಹೊರಕ್ಕೆ ತಂದು ಹಾಕಿದ ತೋಟದ ಚೂರುಗಳ ಮೇಲೆ ಹುಟ್ಟುವುದರಿಂದ ಇವಕ್ಕೆ ಉದ್ದನೆಯ ಬೇರಿಲ್ಲ. ಬೇರಿನ ಗುರುತೇ ಇಲ್ಲದ ಇವನ್ನು ಹೊಸಬರು ಮುಟ್ಟದಿರುವುದೇ ಸರಿ.

ಬೇರಿಗಾಗಿ ಹುತ್ತವನ್ನೇ ಅಗೆಯುವ ದುರಾಸೆ ಬೇಡ. ಒಂದರ ಬುಡ ನೋಡಿದ ಮೇಲೆ ಅದರ ಸುತ್ತ ಎದ್ದ ಮಿಕ್ಕವುಗಳನ್ನೂ ಒಂದೊಂದಾಗಿ ನೋಡಿ, ಬುಡ ಹಿಡಿದು ನಿಧಾನವಾಗಿ ಎತ್ತಿದರೆ ಸಾಕು. ಗೂಡು ನೆಮ್ಮದಿಯಾಗಿದ್ದರೆ ಮುಂದಿನ ಮಳೆಗಾಲಕ್ಕೂ ಅದೇ ಜಾಗ ಅಣಬೆ ಕೊಡುತ್ತದೆ. ಹುತ್ತದ ಬಿಲದಲ್ಲಿ ನಾಗರಹಾವಿರಬಹುದು. ಕಾಣದ ತೂತಿಗೆ ಕೈ ಹಾಕಬಾರದು.

ಈಗ ಮೋಸ ಮಾಡುವವರ ಪರಿಚಯ. ಮಂಡ್ಯ ಸೀಮೆಯಲ್ಲಿ ತಿಪ್ಪೆ, ತೋಟ, ಹುಲ್ಲುಹಾಸು ಇದ್ದಲ್ಲೆಲ್ಲ ಏಳುವ ದೊಡ್ಡ ಬಿಳಿ ಅಣಬೆಯೊಂದಿದೆ. ಕೊಡೆಯ ಮೇಲೆ ಕಂದು ಹಕ್ಕಳೆ, ಕಾಂಡಕ್ಕೆ ಉಂಗುರ. ನೋಡಲು ತುಂಬ ಚೆಂದ. ಎಳೆಯದರಲ್ಲಿ ಕೊಡೆಯಡಿ ಬೆಳ್ಳಗಿದ್ದು, ಬಲಿತಂತೆ ಹಸಿರಾಗುತ್ತದೆ. ಶಾಸ್ತ್ರದಲ್ಲಿ ಇದು ಕ್ಲೋರೊಫಿಲ್ಲಮ್ ಮೊಲಿಬ್ಡೈಟಿಸ್. ಬಿಸಿನಾಡುಗಳಲ್ಲಿ ಅತಿ ಹೆಚ್ಚು ಜನರ ಹೊಟ್ಟೆ ಕೆಡಿಸುವ ಅಣಬೆಗಳಲ್ಲಿ ಒಂದು. ತಿಂದ ಒಂದೆರಡು ಗಂಟೆಯಲ್ಲಿ ವಾಂತಿ, ಭೇದಿ. ಇದರ ಬುಡ ಕೊಂಚ ಉಬ್ಬಿ ಅಲ್ಲೇ ನಿಲ್ಲುತ್ತದೆ, ಬೇರಿಳಿಯುವುದಿಲ್ಲ. ಬುಡ ನೋಡಿದವರು ಇದಕ್ಕೆ ಮೋಸ ಹೋಗುವುದಿಲ್ಲ.

ಗದ್ದೆ ಬಯಲಿನಲ್ಲಿ ಕೊಳೆತ ಹುಲ್ಲಿನ ಮೆದೆಯ ಮೇಲೆ ಏಳುವ ಭತ್ತದ ಹುಲ್ಲಿನ ಅಣಬೆ ರುಚಿಯಾದದ್ದೇ. ಏಷ್ಯಾದ ಹಲವು ದೇಶಗಳಲ್ಲಿ ಅದನ್ನು ಬೆಳೆದು ಮಾರುತ್ತಾರೆ. ಹಾಗಿದ್ದೂ ಹೊಸಬರು ಕಾಡಿನಲ್ಲಿ, ಬಯಲಿನಲ್ಲಿ ಇದನ್ನು ಹುಡುಕಬಾರದು ಎಂದೇ ನನ್ನ ಅಭಿಪ್ರಾಯ. ಇದರ ಬುಡದಲ್ಲಿ ಚೀಲವಿದೆ. ಅಮಾನಿಟ ಎಂಬ ಕೊಲೆಗಡುಕ ಕುಲದ ಬುಡದಲ್ಲೂ ಚೀಲವಿದೆ. ಮೊಟ್ಟೆಯಂತಿರುವ ಎಳೆಯವು ಒಂದಕ್ಕೊಂದು ಅವಳಿಜವಳಿ. ಊರಿನಲ್ಲಿ ಹುಲ್ಲಿನ ಅಣಬೆ ತಿಂದು ಬೆಳೆದ ಏಷ್ಯಾದ ಜನ ಅಮೆರಿಕ, ಆಸ್ಟ್ರೇಲಿಯಾಗಳಿಗೆ ವಲಸೆ ಹೋದಲ್ಲಿ ಅಮಾನಿಟವನ್ನು ಅದೇ ಎಂದು ತಿಂದು ಸತ್ತದ್ದುಂಟು. ಗುರುತು ಬಲ್ಲವರೇ ಮೋಸ ಹೋದರು. ಊರಿನ ಗುರುತು ಪರಸ್ಥಳದಲ್ಲಿ ನಡೆಯಲಿಲ್ಲ.

ಕರಾವಳಿಯಿಂದ ಬಂದ ಗೆಳೆಯರು ನಮ್ಮ ಕಡೆಯ ನೀಲಗಿರಿ ತೋಪಿನಲ್ಲಿ ಗೋಲಿಯಂಥ ಉರುಟು ಅಣಬೆ ಕಂಡು ಅವರೂರಿನಲ್ಲಿ ತಿನ್ನುವ ಕಲ್ಲಣಬೆ ಎಂದು ಹಿಗ್ಗಬಹುದು. ನೀಲಗಿರಿಯ ಬುಡದಲ್ಲಿ ಸಾಮಾನ್ಯವಾಗಿ ಏಳುವ ಸ್ಕ್ಲೆರೊಡರ್ಮ ಹೊರಗಿನಿಂದ ಹಾಗೆಯೇ ಇರುತ್ತದೆ. ಅದು ವಿಷ. ಕೊಯ್ದರೆ ಒಳಗೆ ಕಪ್ಪು–ನೇರಳೆ.

ಅಡುಗೆಮನೆಯ ಪರೀಕ್ಷೆಗಳ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಬೆಳ್ಳಿ ನಾಣ್ಯ ಹಾಕಿ ಕಪ್ಪಾಗದಿದ್ದರೆ ತಿನ್ನಬಹುದು, ಬೆಳ್ಳುಳ್ಳಿಯ ಬಣ್ಣ ತಿರುಗದಿದ್ದರೆ ತಿನ್ನಬಹುದು, ಹುಳು ತಿಂದದ್ದನ್ನು ನಾವೂ ತಿನ್ನಬಹುದು, ಅರಿಸಿನ ಹಾಕಿ ಕುದಿಸಿದರೆ ವಿಷ ಹೋಗುತ್ತದೆ ಎಂದು ಹೇಳುವುದುಂಟು. ಇದರಲ್ಲಿ ಒಂದೂ ನಿಜವಲ್ಲ. ಮನುಷ್ಯನನ್ನು ಕೊಲ್ಲುವ ಅಮಾನಿಟವನ್ನು ಗೊಂಡೆಹುಳುಗಳು ಮೆಂದು ಸುಖವಾಗಿರುತ್ತವೆ. ಅದರ ವಿಷ ಕುದಿಸಿದರೂ, ಒಣಗಿಸಿದರೂ, ಹುರಿದರೂ ಹೋಗುವುದಿಲ್ಲ. ರುಚಿಯಲ್ಲೂ ಕಹಿ ಇಲ್ಲ.

ಆ ವಿಷ ಕೆಲಸ ಮಾಡುವ ರೀತಿ ಪ್ರತಿ ಮನೆಯವರಿಗೂ ತಿಳಿದಿರಬೇಕು. ತಿಂದು ಆರರಿಂದ ಹನ್ನೆರಡು ಗಂಟೆ, ಒಮ್ಮೊಮ್ಮೆ ಇಡೀ ದಿನ, ಏನೂ ಆಗುವುದಿಲ್ಲ. ಆಮೇಲೆ ಜೋರು ವಾಂತಿ, ನೀರುಭೇದಿ. ಒಂದು ದಿನ ಕಳೆದ ಮೇಲೆ ತಾನಾಗಿ ನಿಂತಂತಾಗಿ ರೋಗಿ ಎದ್ದು ಕೂರುತ್ತಾನೆ. ಮನೆಯವರು ವಾಸಿಯಾಯಿತೆಂದು ನಂಬುತ್ತಾರೆ. ಒಳಗೆ ಲಿವರ್ ಸಾಯುತ್ತಿರುತ್ತದೆ. ಮೂರನೆಯ, ನಾಲ್ಕನೆಯ ದಿನಕ್ಕೆ ಕಾಮಾಲೆ ಕಾಣಿಸುವ ಹೊತ್ತಿಗೆ ಕೈ ಮೀರಿರಬಹುದು. 2022ರ ಏಪ್ರಿಲಿನಲ್ಲಿ ಅಸ್ಸಾಮಿನ ಚಹಾ ತೋಟಗಳ ಕಡೆಯಲ್ಲಿ ಕಾಡಣಬೆ ತಿಂದು 13 ಜನ ತೀರಿಕೊಂಡರು. ಅಲ್ಲಿಯವರಿಗೂ ಅಣಬೆ ಹೊಸದಲ್ಲ. ಆದ್ದರಿಂದ ಅಣಬೆ ತಿಂದ ಮೇಲೆ ಹೊಟ್ಟೆ ಕೆಟ್ಟರೆ, ಅದು ತಡವಾಗಿ ಕೆಟ್ಟಷ್ಟೂ ಹೆಚ್ಚು ಹೆದರಬೇಕು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ತಿಂದ ಹೊತ್ತು, ವಾಂತಿ ಶುರುವಾದ ಹೊತ್ತು ಎರಡನ್ನೂ ವೈದ್ಯರಿಗೆ ಹೇಳಿ. ಉಳಿದ ಅಣಬೆ, ಸಾರು, ಸಿಪ್ಪೆ ಏನಿದ್ದರೂ ತೆಗೆದುಕೊಂಡು ಹೋಗಿ. ವಾಂತಿ ನಿಂತಿತೆಂದು ನಡುವೆ ಮನೆಗೆ ಬರಬೇಡಿ.

ಎಲ್ಲಿ ಕೀಳಬಾರದು? ಹೆದ್ದಾರಿಯ ಅಂಚಿನಲ್ಲಿ ಬೇಡ. ಅಣಬೆಗೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುವ ಗುಣವಿದೆ. ಬಾಬುರಾಯನಕೊಪ್ಪಲಿನವರು ರಸ್ತೆಗೆ ಬೆನ್ನು ಮಾಡಿ ಹೊಲದ ಒಳಕ್ಕೆ ನಡೆಯುವುದು ಮೇಲು. ಕಬ್ಬಿನ ಬಿತ್ತನೆಗೆ ಗೆದ್ದಲು ಔಷಧಿ ಹಾಕಿದ ಗದ್ದೆಯ ಬದುವಿನದೂ ಬೇಡ. ಮೇಲುಕೋಟೆ ವನ್ಯಧಾಮ, ಆದಿಚುಂಚನಗಿರಿಯ ನವಿಲುಧಾಮಗಳ ಒಳಗೆ ಏನನ್ನೂ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಪರರ ಹೊಲವಾದರೆ ಯಜಮಾನರನ್ನು ಕೇಳಿ. ಯಾವ ಹುತ್ತದಲ್ಲಿ ಯಾವ ಮಳೆಗೆ ಅಣಬೆ ಏಳುತ್ತದೆಂದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕೊಡೆ ಪೂರ್ತಿ ಬಿಚ್ಚಿ ಅಂಚು ಹರಿದದ್ದು, ಹುಳು ಬಿದ್ದದ್ದು ಬಿಟ್ಟು, ಗಟ್ಟಿಯಾಗಿರುವುದನ್ನೇ ಆರಿಸಬೇಕು. ಬುಟ್ಟಿಯಲ್ಲೋ ಬಟ್ಟೆಯಲ್ಲೋ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟೆಯೊಳಗೆ ಬೆವರಿ ಕೆಡಲು ಶುರುವಾಗುತ್ತದೆ. ಕಿತ್ತ ದಿನವೇ ಅಡುಗೆಯಾಗಬೇಕು. ಬುಡದ ಮಣ್ಣು ಹೆರೆದು ಎರಡು ಮೂರು ನೀರಿನಲ್ಲಿ ತೊಳೆದು ಕೈಯಲ್ಲೇ ಉದ್ದುದ್ದ ಸೀಳಿದರೆ ಕೋಳಿಮಾಂಸದ ಎಳೆಯಂತೆ ಬಿಡುತ್ತದೆ. ಈರುಳ್ಳಿ ಒಗ್ಗರಣೆಯಲ್ಲಿ ಬಾಡಿಸಿ, ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ ಲವಂಗ, ಕಾಯಿ ರುಬ್ಬಿದ ಖಾರ ಹಾಕಿ ಚೆನ್ನಾಗಿ ಕುದಿಸಿ. ಹಸಿಬಿಸಿ ತಿನ್ನಬಾರದು. ಮೊದಲ ಸಲ ದೊಡ್ಡವರು ಮಾತ್ರ, ಅದೂ ಎರಡು ತುತ್ತು. ಮಕ್ಕಳಿಗೆ, ಬಸುರಿಯರಿಗೆ ಬೇಡ. ಜೊತೆಗೆ ಮದ್ಯ ಬೇಡ. ಬುಡ ಸಮೇತ ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಏನಾದರೂ ಹೆಚ್ಚುಕಡಿಮೆಯಾದರೆ ವೈದ್ಯರಿಗೆ ತೋರಿಸಲು ಅದೇ ಆಧಾರ.

ಬೀಜಕದ ಬಣ್ಣ ನೋಡುವ ಅಭ್ಯಾಸವನ್ನು ಮನೆಯಲ್ಲೇ ಮಾಡಬಹುದು. ಬಲಿತ ಕೊಡೆಯೊಂದನ್ನು ಕಾಂಡ ತೆಗೆದು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಕಾಗದದ ಮೇಲೆ ಪುಡಿ ಉದುರಿರುತ್ತದೆ. ಹುತ್ತದ ಅಣಬೆಯದು ನಸುಗೆಂಪು, ಅಮಾನಿಟದ್ದು ಬಿಳಿ, ತಿಪ್ಪೆಯ ಮೋಸಗಾರನದು ಹಸಿರು. ಈ ಪುಡಿಯ ಬಣ್ಣವೊಂದನ್ನೇ ನಂಬಿ ಯಾವುದನ್ನೂ ತಿನ್ನುವಂತಿಲ್ಲ. ಬುಡದ ಸಾಕ್ಷಿಗೆ ಇದು ಜೊತೆಯ ಸಾಕ್ಷಿ ಅಷ್ಟೆ. ಮೊಬೈಲಿನ ಚಿತ್ರ ಬುಡವನ್ನೂ ತೋರಿಸದು, ಪುಡಿಯನ್ನೂ ತೋರಿಸದು. ಅದನ್ನು ಸಾಕ್ಷಿಗೆ ಕರೆಯಲೇಬೇಡಿ.

ಕಾಡಣಬೆಯ ಧೈರ್ಯವಿಲ್ಲದವರು ಬೇಸರಪಡಬೇಕಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ಸಿಗುತ್ತದೆ, ಬೆಳೆಯುವ ತರಬೇತಿಯೂ ಉಂಟು. ಹುಲ್ಲಿಗೆ ಬರವಿಲ್ಲದ ನಮ್ಮ ಜಿಲ್ಲೆಯಲ್ಲಿ ಹಿತ್ತಿಲ ಕೋಣೆಯಲ್ಲಿ ಸಿಂಪಿ ಅಣಬೆ ಬೆಳೆಯುವುದು ಕಷ್ಟವಲ್ಲ.

ಇನ್ನು ಹುತ್ತದ ದಾರಿಯನ್ನೇ ಹಿಡಿಯುವವರಿಗೆ ಕಡೆಯ ಮಾತು. ನಿಮ್ಮೂರಿನಲ್ಲಿ ವರ್ಷವರ್ಷವೂ ಅಣಬೆ ತಂದು ಮನೆಯವರಿಗೆ ಉಣಿಸಿದ ಹಿರಿಯ ಹೆಂಗಸೊಬ್ಬರು ಇದ್ದೇ ಇರುತ್ತಾರೆ. ಮುಂದಿನ ಮುಂಗಾರಿನಲ್ಲಿ ಅವರ ಹಿಂದೆ ಹೋಗಿ. ಅವರು ಕಿತ್ತದ್ದನ್ನು ನೋಡಿ, ಬಿಟ್ಟದ್ದನ್ನು ಇನ್ನೂ ಹೆಚ್ಚು ನೋಡಿ. ಯಾವ ಮಳೆ, ಯಾವ ಬದು, ಯಾವ ಹುತ್ತ ಎಂದು ಬರೆದಿಟ್ಟುಕೊಳ್ಳಿ. ಒಂದು ಮಳೆಗಾಲ ಪೂರ್ತಿ ಬರೀ ನೋಡುವುದಕ್ಕೆ ಇರಲಿ. ನೀವೇ ಕಿತ್ತು ತಿನ್ನುವುದು ಎರಡನೆಯ ವರ್ಷಕ್ಕಾಗಲಿ.