ಗಣಿತದ ಭಯ: ಜೊತೆಗೂಡಿ ಕಲಿತರೆ ದೂರ

ಹತ್ತನೇ ತರಗತಿಯವರೆಗೆ ಗಣಿತದಲ್ಲಿ ಒಳ್ಳೆಯ ಅಂಕ ಗಳಿಸಿದ ಮಕ್ಕಳು ಕಾಲೇಜಿನ ಮೆಟ್ಟಿಲೇರಿದ ಕೂಡಲೇ ಎಡವುವುದನ್ನು ನಾವು ಕಾಣುತ್ತೇವೆ. ಮೊದಲ ಪರೀಕ್ಷೆಯಲ್ಲಿ ಅಂಕ ಇಳಿದರೆ ಸಾಕು, 'ಗಣಿತ ನನ್ನ ತಲೆಗೆ ಹತ್ತುವುದಿಲ್ಲ' ಎಂದು ಅವರೇ ತೀರ್ಪು ಕೊಟ್ಟುಕೊಳ್ಳುತ್ತಾರೆ. ಕೆಲವರು ಆಸೆಪಟ್ಟು ಆರಿಸಿದ ವಿಷಯವನ್ನೇ ಬಿಟ್ಟುಬಿಡುತ್ತಾರೆ. ಹಿರಿಯರಾದ ನಾವು 'ಓದಿದ್ದು ಸಾಲದು' ಎಂದು ಗದರಿಸುತ್ತೇವೆ. ಆದರೆ ಕಾರಣ ನಿಜವಾಗಿ ಅದೇ ಏನು?

ಬರ್ಕ್ಲಿಯಲ್ಲಿ ಕಂಡದ್ದು

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಅಲ್ಲಿ ಕಲನಶಾಸ್ತ್ರದಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು ಹೆಚ್ಚಾಗಿ ಸೋಲುತ್ತಿದ್ದರು, ಚೀನೀ ಮೂಲದವರು ಗೆಲ್ಲುತ್ತಿದ್ದರು. ಆಸಕ್ತಿಯ ಕೊರತೆ, ಬಡತನ, ಮನೆಯ ಬೆಂಬಲವಿಲ್ಲದಿರುವುದು ಇದಕ್ಕೆ ಕಾರಣವೆಂದು ಅಧ್ಯಾಪಕರು ಊಹಿಸಿದ್ದರು. ಟ್ರೈಸ್‌ಮನ್ ಎರಡೂ ಗುಂಪಿನಿಂದ 20 ಮಂದಿಯಂತೆ ಆರಿಸಿ, ಅವರು ಓದುವ ಬಗೆಯನ್ನು ಹತ್ತಿರದಿಂದ ಗಮನಿಸಿದರು.

ಊಹೆಗಳು ತಪ್ಪಾಗಿದ್ದವು. ಮೊದಲ ಗುಂಪಿನವರು ವಾರಕ್ಕೆ ಸುಮಾರು 8 ಗಂಟೆ ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಂಟಿಯಾಗಿ. ಎರಡನೆಯ ಗುಂಪಿನವರೂ ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡುತ್ತಿದ್ದರು. ಬಳಿಕ ಸಂಜೆ ಸೇರಿ, ಜೊತೆಗೆ ಊಟ ಮಾಡಿ, ಒಬ್ಬರ ಉತ್ತರವನ್ನು ಇನ್ನೊಬ್ಬರು ಪರಿಶೀಲಿಸುತ್ತಿದ್ದರು. ಲೆಕ್ಕ ಯಾರಿಗೂ ಬಾರದಿದ್ದರೆ, ಅದು ನಿಜಕ್ಕೂ ಕಠಿಣವೆಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನಿಗೆ ಹಾಗಲ್ಲ, ತಾನೊಬ್ಬನೇ ದಡ್ಡನೆಂಬ ಭಾವನೆ.

ಟ್ರೈಸ್‌ಮನ್ ಆರಂಭಿಸಿದ ಕಾರ್ಯಾಗಾರದಲ್ಲಿ ಹಿಂದುಳಿದವರಿಗೆಂದು ಸುಲಭ ಪಾಠ ನಡೆಯಲಿಲ್ಲ. ಸಣ್ಣ ಗುಂಪುಗಳಿಗೆ ಕಷ್ಟದ ಲೆಕ್ಕಗಳನ್ನೇ ಕೊಡಲಾಯಿತು. ಸೇರಿದವರು ಸೇರದವರಿಗಿಂತ ಬಹಳ ಮುಂದೆ ಬಂದರು.

ತಪ್ಪು ಎಲ್ಲಿ ಅಡಗಿದೆ?

ಕಾಲೇಜಿನ ಅನೇಕ ತಪ್ಪುಗಳ ಬೇರು ಶಾಲೆಯ ಪಾಠದಲ್ಲಿರುತ್ತದೆ. 9 ಮತ್ತು 16ನ್ನು ಕೂಡಿಸಿ ವರ್ಗಮೂಲ ಕಂಡುಹಿಡಿಯಿರಿ ಎಂದರೆ, ಕೆಲವರು ಬೇರೆಬೇರೆಯಾಗಿ 3 ಮತ್ತು 4 ತೆಗೆದು 7 ಎನ್ನುತ್ತಾರೆ. ಮೊತ್ತ 25, ಆದ್ದರಿಂದ ಉತ್ತರ 5. ಇದೇ ತಪ್ಪು ಅಕ್ಷರಗಳ ರೂಪದಲ್ಲಿ ಕಲನಶಾಸ್ತ್ರದ ನಡುವೆ ನುಸುಳಿದರೆ ಹುಡುಕುವುದು ಕಷ್ಟ. ವಿದ್ಯಾರ್ಥಿ ತನಗೆ ಕಲನಶಾಸ್ತ್ರವೇ ಬಾರದೆಂದುಕೊಳ್ಳುತ್ತಾನೆ. ಪಕ್ಕದಲ್ಲಿ ಕುಳಿತವರು 'ಈ ಹೆಜ್ಜೆ ಹೇಗೆ ಬಂತು?' ಎಂದು ಕೇಳಿದರೆ ತಪ್ಪು ಕೂಡಲೇ ಸಿಗುತ್ತದೆ.

ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಬರುವವರಿಗೆ ಇನ್ನೊಂದು ತೊಡಕಿದೆ. ಛೇದ ಗೊತ್ತು, ಡಿನಾಮಿನೇಟರ್ ಗೊತ್ತಿಲ್ಲ. ಅವರಿಗೆ ಇಲ್ಲದಿರುವುದು ಪದ, ಗಣಿತವಲ್ಲ. ಎರಡೂ ಪದಗಳನ್ನು ಎದುರುಬದುರಾಗಿ ಬರೆದಿಟ್ಟುಕೊಂಡರೆ ಈ ತೊಡಕು ಬೇಗ ಕಳೆಯುತ್ತದೆ.

ನಾವು ಮಾಡಬಹುದಾದದ್ದು

ನಾಲ್ಕೈದು ಮಂದಿ ವಾರಕ್ಕೆ ಎರಡು ದಿನ, ಸಂಜೆಯ ಬಸ್ಸಿಗೆ ಮೊದಲು ಒಂದು ಗಂಟೆ ಸೇರಿದರೂ ಸಾಕು. ಆದರೆ ಕೆಲವು ನಿಯಮಗಳಿರಲಿ:

1. ಪ್ರತಿಯೊಬ್ಬರೂ ಮೊದಲು ಸ್ವತಃ ಪ್ರಯತ್ನಿಸಿ ಬರಬೇಕು. ಒಬ್ಬ ಮಾಡಿ ಉಳಿದವರು ನಕಲು ಮಾಡಿದರೆ ಪ್ರಯೋಜನವಿಲ್ಲ.

2. ಉತ್ತರ ಮಾತ್ರವಲ್ಲ, ಪ್ರತಿ ಹೆಜ್ಜೆಗೂ ಕಾರಣ ಹೇಳಬೇಕು. ಕನ್ನಡ, ತುಳು, ಕೊಂಕಣಿ, ಯಾವ ಭಾಷೆಯಾದರೂ ಸರಿ.

3. ಸುಲಭದ ಲೆಕ್ಕಗಳಷ್ಟೇ ಸಾಲದು. ಪ್ರತಿ ಬಾರಿಯೂ ಒಂದು ಕಠಿಣ ಲೆಕ್ಕ ಇರಲಿ.

4. ಯಾರಿಗೂ ಬಾರದ್ದನ್ನು ಬರೆದಿಟ್ಟು ಅಧ್ಯಾಪಕರಲ್ಲಿ ಕೇಳಬೇಕು. ಒಬ್ಬನಿಗೆ ಕೇಳಲು ನಾಚಿಕೆಯಾದರೂ ಐವರ ಪ್ರಶ್ನೆಗೆ ಧೈರ್ಯ ಬರುತ್ತದೆ.

ಅಧ್ಯಾಪಕರು ತಪ್ಪನ್ನು ನಗೆಗೀಡು ಮಾಡದೆ, ಅದು ಎಲ್ಲಿಂದ ಬಂತೆಂದು ತರಗತಿಯಲ್ಲಿ ತೋರಿಸಿದರೆ ಮಕ್ಕಳು ಬಾಯಿ ಬಿಡುತ್ತಾರೆ. ಹೆತ್ತವರಿಗೆ ಗಣಿತ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಅಂಕಪಟ್ಟಿ ನೋಡಿ ಗದರುವ ಬದಲು 'ಯಾರ ಜೊತೆ ಕುಳಿತು ಓದುತ್ತಿದ್ದೀ?' ಎಂದು ಕೇಳೋಣ. ನಾಲ್ಕು ಮಕ್ಕಳು ಮನೆಯ ಜಗಲಿಯಲ್ಲಿ ಸೇರಿದರೆ ಚಹಾ ಕೊಟ್ಟು ಉಪಚರಿಸೋಣ. ಧೈರ್ಯ ಬರುವುದು ಹೊಗಳಿಕೆಯಿಂದಲ್ಲ, ಬಾರದ ಲೆಕ್ಕವೊಂದು ತನ್ನ ಕೈಯಿಂದಲೇ ಬಿಡಿಸಿಕೊಂಡಾಗ.